ಇಂಗ್ಲಿಷಿನ ಜಂಪ್‌ಗೆ ಫಿನ್ನಿಶ್‌ನಲ್ಲಿ ಯಾವ ಪದ? ಆರಿಸಿಕೊಳ್ಳಲು ಒಂದು ಹೋಲಿಕೆ

‘ದ ಚೈಲ್ಡ್ ಜಂಪ್ಡ್ ಆನ್ ದ ಬೆಡ್.’ ಇಷ್ಟೇ ಸಾಲು. ಮಗು ನೆಲದಿಂದ ಒಂದೇ ಸಲ ಚಂಗನೆ ಮಂಚಕ್ಕೆ ಹಾರಿತೋ? ಮಂಚದ ಮೇಲೆ ನಿಂತು ಕುಣಿಯುತ್ತಿತ್ತೋ? ಇಂಗ್ಲಿಷ್ ಸಾಲಿನಲ್ಲಿ ಎರಡಕ್ಕೂ ಜಾಗವಿದೆ. ಫಿನ್ನಿಶ್‌ನಲ್ಲಿ ಇಲ್ಲ. ಅಲ್ಲಿ ಮೊದಲನೆಯದು ‘ಹ್ಯುಪ್ಪ್ಯಾಸಿ ಸ್ಯಾಂಗ್ಯುಲ್ಲೆ’. ಎರಡನೆಯದು ‘ಹ್ಯುಪ್ಪಿ ಸ್ಯಾಂಗ್ಯುಲ್ಲ್ಯಾ’. ಕ್ರಿಯಾಪದವೂ ಬೇರೆ, ಮಂಚಕ್ಕೆ ಹತ್ತುವ ವಿಭಕ್ತಿಯೂ ಬೇರೆ. ಅನುವಾದ ಮಾಡುವವರು ಇದನ್ನು ಮೊದಲು ತೀರ್ಮಾನಿಸಬೇಕು, ಆಮೇಲೆ ಬರೆಯಬೇಕು.

ಫಿನ್ಲೆಂಡಿನ ಎಸ್ಪೊ, ಹೆಲ್ಸಿಂಕಿ, ತಾಂಪೆರೆ ಕಡೆ ಇರುವ ಕನ್ನಡಿಗರಲ್ಲಿ ಫಿನ್ನಿಶ್ ಕಲಿಯುತ್ತಿರುವವರು ಈ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ನಿಘಂಟಿನಲ್ಲಿ ಜಂಪ್ ಅಂತ ಹುಡುಕಿದರೆ ಒಂದಲ್ಲ, ಆರೇಳು ಪದ ಬರುತ್ತವೆ. ಲೀಪ್, ಹಾಪ್, ಸ್ಕಿಪ್, ಬೌನ್ಸ್ ಸೇರಿಸಿದರೆ ಇನ್ನೂ ಜಾಸ್ತಿ. ಒಂದೊಂದು ಇಂಗ್ಲಿಷ್ ಪದಕ್ಕೆ ಒಂದೊಂದು ಫಿನ್ನಿಶ್ ಪದ ಅಂತ ಜೋಡಿ ಮಾಡಿಕೊಂಡು ಬಾಯಿಪಾಠ ಮಾಡುವವರೂ ಇದ್ದಾರೆ. ಆ ದಾರಿ ಬೇಡ. ಎರಡು ಭಾಷೆಗಳು ಹಾರಾಟವನ್ನು ಬೇರೆ ಬೇರೆ ಕಡೆ ಗೆರೆ ಎಳೆದು ಭಾಗ ಮಾಡಿಕೊಂಡಿವೆ, ಜೋಡಿ ಕೂಡುವುದಿಲ್ಲ.

ಓದುವ ಬಗ್ಗೆ ಒಂದು ಮಾತು. ಫಿನ್ನಿಶ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಎರಡು ಚುಕ್ಕಿ ಇರುವ ಎ ಅಕ್ಷರಕ್ಕೆ ‘ಬ್ಯಾಟ್’ನಲ್ಲಿರುವ ‘್ಯಾ’ ಹಾಕಿದ್ದೇನೆ, ಹ್ರಸ್ವ ದೀರ್ಘ ಎರಡಕ್ಕೂ. ವೈ ಅಕ್ಷರಕ್ಕೆ ‘್ಯು’. ತುಟಿ ಉ ಹೇಳುವಂತೆ ದುಂಡಗಿಟ್ಟು ಒಳಗೆ ಇ ಅಂದರೆ ಆ ಸ್ವರ ಬರುತ್ತದೆ. ಒತ್ತಕ್ಷರ ಕಂಡಲ್ಲಿ ಒತ್ತಿಯೇ ಹೇಳಿ. ಕನ್ನಡದಲ್ಲಿ ‘ಕತೆ’ ಬೇರೆ ‘ಕತ್ತೆ’ ಬೇರೆ ಇರುವ ಹಾಗೆ ಫಿನ್ನಿಶ್‌ನಲ್ಲೂ ಒತ್ತು ಅರ್ಥವನ್ನೇ ಬದಲಿಸುತ್ತದೆ. ಈ ವಿಷಯದಲ್ಲಿ ಇಂಗ್ಲಿಷ್‌ನವರಿಗಿಂತ ನಮಗೆ ಸುಲಭ.

ಮೊದಲು ಕೇಳಬೇಕಾದ ಪ್ರಶ್ನೆಗಳು

ಪದ ಆರಿಸುವ ಮುಂಚೆ ಸಾಲನ್ನು ಈ ಪ್ರಶ್ನೆಗಳಿಂದ ಜಾಲಾಡಿ. ನಿಜವಾಗಿ ಯಾವುದಾದರೂ ದೇಹವೋ ವಸ್ತುವೋ ಹಾರುತ್ತಿದೆಯಾ, ಅಥವಾ ಇಂಗ್ಲಿಷ್ ಸುಮ್ನೆ ಹಾರಾಟದ ಪದ ಬಳಸಿದೆಯಾ? ಹಾರುತ್ತಿದ್ದರೆ ಒಂದು ಸಲವಾ, ಮತ್ತೆ ಮತ್ತೆಯಾ? ಬೇಕಂತ ಹಾರಿದ್ದಾ, ಬೆಚ್ಚಿ ತಾನಾಗಿ ಆದದ್ದಾ? ಮೇಲಕ್ಕಾ, ಮುಂದಕ್ಕೆ ಉದ್ದಕ್ಕಾ, ಚೆಂಡಿನ ಹಾಗೆ ಪುಟಿಯುವುದಾ? ಕೊನೆಗೆ, ಓದುವವರು ಯಾರು? ಮಗುವಾ, ಪತ್ರಿಕೆ ಓದುಗರಾ, ಗೇಮ್ ಆಡುವವರಾ?

ಇವುಗಳಲ್ಲಿ ತೂಕ ಜಾಸ್ತಿ ಇರುವುದು ಮೊದಲ ಎರಡಕ್ಕೆ. ಉಳಿದವು ತಪ್ಪಿದರೆ ಹೆಚ್ಚಿನ ಸಲ ವಾಕ್ಯ ಸಪ್ಪೆಯಾಗುತ್ತದೆ, ಅಷ್ಟೇ. ಮೊದಲೆರಡು ತಪ್ಪಿದರೆ ಅರ್ಥವೇ ಕೆಡುತ್ತದೆ.

ಹ್ಯುಪ್ಯಾತ್ಯಾ ಮತ್ತು ಹ್ಯುಪ್ಪಿಯಾ: ಮುಖ್ಯ ಜೋಡಿ

‘ಹ್ಯುಪ್ಯಾತ್ಯಾ’ ಒಂದು ಸಲದ ಜಿಗಿತ. ಕೆರೆಗೆ ಹಾರುವುದು, ಗೋಡೆ ಹಾರುವುದು, ರೈಲಿನಿಂದ ಹಾರುವುದು, ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರುವುದು, ಎಲ್ಲವೂ ಇದೇ. ಕಾರಿನ ಬಾಗಿಲು ತೆಗೆದು ಗೆಳೆಯನಿಗೆ ‘ಬಾ, ಹತ್ತು’ ಅನ್ನುವಾಗಲೂ ‘ಹ್ಯುಪ್ಪ್ಯಾ ಕ್ಯೂತೀನ್’ ಅನ್ನುತ್ತಾರೆ. ಇಂಗ್ಲಿಷ್ ಸಾಲಿನಲ್ಲಿ ಹಾಪ್ ಇನ್ ಅಂತ ಇದ್ದರೂ ಇಲ್ಲಿ ಇದೇ ಸಾಕು. ಯಾರೂ ಕುಂಟುಕಾಲಲ್ಲಿ ಕಾರು ಹತ್ತುತ್ತಿಲ್ಲವಲ್ಲ.

‘ಹ್ಯುಪ್ಪಿಯಾ’ ಮತ್ತೆ ಮತ್ತೆ ಹಾರುವುದು. ಮಳೆನೀರಿನ ಗುಂಡಿಯಲ್ಲಿ ಮಕ್ಕಳು ಹಾರುವುದು, ಖುಷಿಗೆ ಕುಣಿಯುವುದು, ಒಂದು ಕಾಲಲ್ಲಿ ಕುಂಟುತ್ತಾ ಹೋಗುವುದು ಎಲ್ಲ ಇದರಲ್ಲಿ ಬರುತ್ತವೆ. ಒಂದು ಕಾಲಿನದಕ್ಕೆ ‘ಹ್ಯುಪ್ಪಿಯಾ ಯ್ಯುಹ್ದೆಲ್ಲ್ಯಾ ಯಲಲ್ಲ’ ಅಂತ ಬಿಡಿಸಿ ಹೇಳಿದರೆ ಯಾವ ಗೊಂದಲವೂ ಇಲ್ಲ. ಹಾಪ್‌ಗೆ ಒಂದೇ ಪದ ಬೇಕು ಅಂತ ಹಟ ಹಿಡಿಯಬೇಡಿ.

ಕನ್ನಡದಲ್ಲಿ ಈ ವ್ಯತ್ಯಾಸ ಕ್ರಿಯಾಪದದ ಹೊಟ್ಟೆಯೊಳಗೆ ಇರುವುದಿಲ್ಲ. ನಾವು ಪದವನ್ನೇ ಎರಡು ಸಲ ಹೇಳುತ್ತೇವೆ: ಹಾರಿ ಹಾರಿ, ಕುಣಿಕುಣಿದು. ಅದಕ್ಕೇ ಒಂದು ಸುಲಭ ಪರೀಕ್ಷೆ ಇದೆ. ಇಂಗ್ಲಿಷ್ ಸಾಲನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತನ್ನಿ. ‘ಹಾರಿ ಹಾರಿ’ ಅಂದರೆ ಸರಿ ಕೇಳುತ್ತದೆಯಾ? ಹಾಗಾದರೆ ಹ್ಯುಪ್ಪಿಯಾ. ‘ಚಂಗನೆ ಹಾರಿದ’ ಸರಿ ಕೇಳಿದರೆ ಹ್ಯುಪ್ಯಾತ್ಯಾ.

ಈ ನಿಯಮಕ್ಕೆ ಒಂದು ದೊಡ್ಡ ಅಪವಾದವಿದೆ, ಪಠ್ಯಪುಸ್ತಕಗಳು ಅದನ್ನು ಬೇಗ ಹೇಳುವುದಿಲ್ಲ. ಹಾರುವುದು ಒಂದು ಆಟವೋ ಕ್ರೀಡೆಯೋ ಆಗಿದ್ದರೆ, ದಿನವಿಡೀ ಹಾರುತ್ತಿದ್ದರೂ ಹ್ಯುಪ್ಯಾತ್ಯಾ ಬರಬಹುದು. ಆಟದ ಹೆಸರು ಪಾರ್ಟಿಟಿವ್ ಅನ್ನುವ ವಿಭಕ್ತಿಯಲ್ಲಿ, ಅಂದರೆ ಕೊನೆಗೆ ‘ಅ’ ಅಥವಾ ‘ತ’ದಂಥ ಪ್ರತ್ಯಯ ಸೇರಿ, ಪಕ್ಕಕ್ಕೆ ನಿಲ್ಲುತ್ತದೆ. ಹಗ್ಗದಾಟ ‘ಹ್ಯುಪ್ಯಾತ್ಯಾ ನರುವ’. ನಮ್ಮ ಕುಂಟಾಬಿಲ್ಲೆಯಂಥ ಚೌಕದಾಟ ‘ಹ್ಯುಪ್ಯಾತ್ಯಾ ರೂತುವ’. ಉದ್ದ ಜಿಗಿತ ‘ಹ್ಯುಪ್ಯಾತ್ಯಾ ಪಿತೂತ್ತ’, ಎತ್ತರ ಜಿಗಿತ ‘ಹ್ಯುಪ್ಯಾತ್ಯಾ ಕೊರ್ಕೆವುತ್ತ’. ಸ್ಕೀ ಕಟ್ಟಿಕೊಂಡು ಇಳಿಜಾರಿನ ತುದಿಯಿಂದ ಹಾರುವ ಸ್ಕೀ ಜಂಪಿಂಗ್ ‘ಹ್ಯುಪ್ಯಾತ್ಯಾ ಮ್ಯಾಕೆಯಾ’, ಅಂದರೆ ಪದಶಃ ಗುಡ್ಡ ಹಾರುವುದು. ಮ್ಯಾಕಿಹ್ಯುಪ್ಪ್ಯು ಅನ್ನುವ ಈ ಆಟ ಫಿನ್ನರಿಗೆ ತುಂಬಾ ಹತ್ತಿರದ್ದು. ಮತ್ತಿ ನ್ಯುಕ್ಯಾನೆನ್ 1984ರ ಸರಾಯೆವೊ ಒಲಿಂಪಿಕ್ಸ್‌ನಲ್ಲಿ ಒಂದು, 1988ರ ಕ್ಯಾಲ್ಗರಿಯಲ್ಲಿ ಮೂರು ಚಿನ್ನ ಗೆದ್ದವರು. ಲಹ್ತಿ ಊರಿನ ಸ್ಕೀ ಜಂಪ್ ಗೋಪುರಗಳು ದೂರದಿಂದಲೇ ಕಾಣುತ್ತವೆ. ಕ್ರೀಡಾ ಸುದ್ದಿ ಅನುವಾದಿಸುವವರು ಈ ‘ಆಟದ ಹೆಸರು ಜೊತೆಗೆ ಹ್ಯುಪ್ಯಾತ್ಯಾ’ ಮಾದರಿಯನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಇನ್ನು ಒತ್ತಿನ ತಾಪತ್ರಯ. ಈ ಜೋಡಿಯಲ್ಲಿ ಒತ್ತು ಉಲ್ಟಾಪಲ್ಟಾ ಆಗುತ್ತದೆ. ನಿಘಂಟಿನ ರೂಪ ಹ್ಯುಪ್ಯಾತ್ಯಾ, ಒಂದೇ ಪ. ‘ನಾನು ಹಾರುತ್ತೇನೆ’ ಅನ್ನುವಾಗ ‘ಹ್ಯುಪ್ಪ್ಯಾನ್’, ಎರಡು ಪ. ಹ್ಯುಪ್ಪಿಯಾದಲ್ಲಿ ನಿಘಂಟಿನ ರೂಪಕ್ಕೆ ಎರಡು ಪ, ‘ನಾನು’ ಬಂದಾಗ ‘ಹ್ಯುಪಿನ್’, ಒಂದೇ ಪ. ಅವನು ಅಥವಾ ಅವಳು ಬಂದರೆ ಮತ್ತೆ ಎರಡು: ‘ಹ್ಯುಪ್ಪೀ’. ಆಜ್ಞೆ ಕೊಡುವಾಗ ಒಂದು ಸಲದ್ದಕ್ಕೆ ‘ಹ್ಯುಪ್ಪ್ಯಾ’, ಹಲವು ಸಲದ್ದಕ್ಕೆ ‘ಹ್ಯುಪಿ’. ಇದೇ ಅದಲುಬದಲು ಮುಂದೆ ಬರುವ ಲೊಯಿಕತ–ಲೊಯಿಕ್ಕಿಯ, ಪೊಂಪತ–ಪೊಂಪ್ಪಿಯ ಜೋಡಿಗಳಲ್ಲೂ ಇದೆ. ಹಾಗಾಗಿ ಒಂದು ಜೋಡಿ ಕಲಿತರೆ ಮೂರು ಬಂದಂತೆ.

ವಿಭಕ್ತಿಯಲ್ಲಿ ಮಾತ್ರ ನಾವು ಅದೃಷ್ಟವಂತರು. ‘ರೈಲಿನಿಂದ ಹಾರಿದ’, ‘ಖುಷಿಯಿಂದ ಕುಣಿದ’. ಎರಡಕ್ಕೂ ಕನ್ನಡದಲ್ಲಿ ‘ಇಂದ’. ಫಿನ್ನಿಶ್‌ನಲ್ಲೂ ಎರಡಕ್ಕೂ ಒಂದೇ ‘ಸ್ತ’: ಯುನಸ್ತ, ಇಲೊಸ್ತ. ಇಂಗ್ಲಿಷ್ ಇಲ್ಲಿ ಆಫ್, ಫಾರ್ ಅಂತ ಬೇರೆ ಬೇರೆ ಪದ ಹುಡುಕುತ್ತದೆ. ಇಂಥ ಕಡೆ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದಿಂದಲೇ ಯೋಚಿಸಿದರೆ ಬೇಗ ಸರಿ ಬರುತ್ತದೆ.

ಹಗುರ ಹಾರಾಟ, ಬೆಚ್ಚಿದ ಹಾರಾಟ

ಹ್ಯುಪ್ಪಿಯಾದ ತಂಗಿ ‘ಹ್ಯುಪೆಲ್ಲ್ಯಾ’. ಇದೂ ಮತ್ತೆ ಮತ್ತೆ ಹಾರುವುದೇ, ಆದರೆ ಹಗುರವಾಗಿ, ಯಾವ ಗುರಿಯೂ ಇಲ್ಲದೆ. ಸಣ್ಣ ಹಕ್ಕಿ ಅಂಗಳದಲ್ಲಿ ಟಣ್ ಟಣ್ ಅಂತ ಓಡಾಡುವುದು, ಹುಡುಗಿಯೊಬ್ಬಳು ದಾರಿಯುದ್ದಕ್ಕೂ ಕುಪ್ಪಳಿಸುತ್ತಾ ಹೋಗುವುದು ಇದಕ್ಕೆ ಒಪ್ಪುತ್ತದೆ. ಇಂಗ್ಲಿಷ್ ಕತೆಯಲ್ಲಿ ಸ್ಕಿಪ್ಪಿಂಗ್ ಡೌನ್ ದ ರೋಡ್ ಅಂತ ಬಂದರೆ ನನ್ನ ಆಯ್ಕೆ ಇದೇ. ಹ್ಯುಪ್ಪಿಯಾ ಹಾಕಿದರೆ ತಪ್ಪಲ್ಲ, ಆದರೆ ಹುಡುಗಿ ವ್ಯಾಯಾಮ ಮಾಡುತ್ತಿರುವ ಹಾಗೆ ಕಾಣಬಹುದು.

ಎದುರು ದಿಕ್ಕಿನಲ್ಲಿ ‘ಹ್ಯುಪ್ಯಾಹ್ತ್ಯಾ’ ಇದೆ. ನಡುವಿನ ಹಕಾರ ಗಮನಿಸಿ. ಈ ‘ಅಹ್ತಾ’ ಪ್ರತ್ಯಯ ಸೇರಿದರೆ ಕೆಲಸ ಥಟ್ಟನೆ, ಸಣ್ಣದಾಗಿ, ಒಂದೇ ಸಲ ಆಯಿತು ಅಂತ ಅರ್ಥ. ಕುರ್ಚಿಯಿಂದ ಥಟ್ಟನೆ ಎದ್ದು ನಿಂತ, ಎದೆ ಝಲ್ಲೆಂದಿತು, ದರ ಸ್ವಲ್ಪ ಮೇಲಕ್ಕೆ ಕುಪ್ಪಳಿಸಿತು, ಹೀಗೆ. ಕನ್ನಡದ ‘ಬಿಡು’, ‘ಬೀಳು’ ಸೇರಿಸಿ ಹೇಳುವ ಹಾರಿಬಿಟ್ಟ, ಬೆಚ್ಚಿಬಿದ್ದ ರೂಪಗಳ ಜೊತೆ ಇಟ್ಟು ನೋಡಿದರೆ ಇದರ ಜಾಡು ಸಿಗುತ್ತದೆ.

ಹಿಂದಿನಿಂದ ಯಾರೋ ಕೂಗಿದಾಗ ‘ಐ ಜಂಪ್ಡ್’ ಅನ್ನುತ್ತಾರಲ್ಲ, ಅಲ್ಲಿ ಮೂರು ಆಯ್ಕೆ ಇವೆ. ಮೈ ನಿಜವಾಗಿ ಮೇಲೆ ಎಗರಿದ್ದನ್ನು ತೋರಿಸಬೇಕಾದರೆ ಹ್ಯುಪ್ಯಾಹ್ತ್ಯಾ. ಬೆಚ್ಚಿಬಿದ್ದದ್ದನ್ನು ಹೇಳಬೇಕಾದರೆ ‘ಸ್ಯಾಪ್ಸ್ಯಾಹ್ತ್ಯಾ’. ಹೆದರಿಕೆಯೇ ಮುಖ್ಯವಾದರೆ ‘ಸ್ಯಾಯಿಕ್ಯಾಹ್ತ್ಯಾ’. ನೂರಕ್ಕೆ ತೊಂಬತ್ತು ಸಲ ನಡುವಿನದೇ ಸರಿ. ಇಲ್ಲಿ ಬರೀ ಹ್ಯುಪ್ಯಾತ್ಯಾ ಬರೆದುಬಿಟ್ಟರೆ ಅವನು ಬೇಕಂತಲೇ ಹಾರಿದ ಅಂತಾಗುತ್ತದೆ. ಸಬ್‌ಟೈಟಲ್‌ನಲ್ಲಿ ಹಾಗೆ ಬಂದರೆ ಹೆದರಿಕೆಯ ದೃಶ್ಯ ನಗೆಪಾಟಲಾಗುತ್ತದೆ.

ಲೀಪ್ ಅಂದ ತಕ್ಷಣ ಲೊಯಿಕತ ಬೇಡ

‘ಲೊಯಿಕತ’ ಉದ್ದದ, ಮುಂದಕ್ಕೆ ಚಾಚಿದ ನೆಗೆತ. ಒಂದು ಸಲಕ್ಕೆ ಲೊಯಿಕತ, ಹಲವು ಸಲಕ್ಕೆ ‘ಲೊಯಿಕ್ಕಿಯ’. ಮೊಲ, ಕಪ್ಪೆ, ಕಾಂಗರೂ ಇವುಗಳಿಗೆ ಲೊಯಿಕ್ಕಿಯ ತುಂಬಾ ಹೊಂದುತ್ತದೆ. ಮೊಲ ಹಿಮದ ಮೇಲೆ ಹೋಗುವುದನ್ನು ಒಮ್ಮೆ ನೋಡಿದರೆ ಈ ಪದ ಮರೆಯುವುದಿಲ್ಲ. ಲೊಯಿಕತದ ನಾಮಪದ ‘ಲೊಯಿಕ್ಕ’. ಕ್ರೀಡೆಯಲ್ಲಿ ಟ್ರಿಪಲ್ ಜಂಪ್ ‘ಕೊಲ್ಮಿಲೊಯಿಕ್ಕ’, ಅಂದರೆ ಮೂರು ಲೊಯಿಕ್ಕ. ಉದ್ದ ಜಿಗಿತಕ್ಕೆ ಹ್ಯುಪ್ಯಾತ್ಯಾದ ನಾಮಪದ ಹ್ಯುಪ್ಪ್ಯು, ಟ್ರಿಪಲ್‌ಗೆ ಲೊಯಿಕ್ಕ. ಇಂಗ್ಲಿಷ್‌ನಲ್ಲಿ ಎರಡೂ ಜಂಪ್ ಅಂತ ಇಲ್ಲಿಯೂ ಹ್ಯುಪ್ಪ್ಯು ಬರೆದರೆ ಕ್ರೀಡಾಪ್ರಿಯರು ಬಿಡುವುದಿಲ್ಲ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಫಿನ್ಲೆಂಡಿನ ವಿಲ್ಹೊ ತೂಲೊಸ್ ಚಿನ್ನ ಗೆದ್ದದ್ದು ಈ ಮೂರರ ಲೊಯಿಕ್ಕದಲ್ಲೇ.

ಈ ಪದಕ್ಕೆ ಇನ್ನೊಂದು ಮುಖವೂ ಇದೆ. ಪಕ್ಷ ಬದಲಿಸುವ ರಾಜಕಾರಣಿ ‘ಲೊಯಿಕ್ಕರಿ’. ಪಕ್ಷಾಂತರಿಗಳ ಬಗ್ಗೆ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ, ನಾವೂ ‘ಜಿಗಿದರು’ ಅಂತಲೇ ಹೇಳುತ್ತೇವೆ. ಆದರೆ ಫಿನ್ಲೆಂಡಿನ ಇತಿಹಾಸದಲ್ಲಿ ಲೊಯಿಕ್ಕರಿ ಬರೀ ತಮಾಷೆಯ ಪದ ಅಲ್ಲ. 1930ರ ದಶಕದ ಆರಂಭದಲ್ಲಿ ಕೆಲಸವಿಲ್ಲದೆ ಕಂಗೆಟ್ಟ ಸಾವಿರಾರು ಫಿನ್ನರು ಕದ್ದು ಗಡಿ ದಾಟಿ ಸೋವಿಯತ್ ಒಕ್ಕೂಟಕ್ಕೆ ಹೋದರು. ಅವರನ್ನು ಕರೆದದ್ದು ಇದೇ ಹೆಸರಿನಿಂದ. ಅವರಲ್ಲಿ ಅನೇಕರು ಸ್ಟಾಲಿನ್ ಕಾಲದ ದಮನಕ್ಕೆ ಸಿಕ್ಕಿ ಸತ್ತರು. ಹಾಗಾಗಿ ಕಂಪನಿ ಬಿಟ್ಟು ಕಂಪನಿ ಸೇರಿದವರಿಗೆ ಸಲೀಸಾಗಿ ಈ ಪದ ಅಂಟಿಸುವ ಮುಂಚೆ ಯಾರು ಓದುತ್ತಾರೆ ಅಂತ ನೋಡಿಕೊಳ್ಳಿ.

ಇಂಗ್ಲಿಷಿನ ಲೀಪ್ ಬಂದ ಕಡೆಯೆಲ್ಲ ಲೊಯಿಕತ ಬರೆಯುವವರನ್ನು ಜಾಸ್ತಿ ನೋಡುತ್ತೇನೆ. ಅದು ಯಾಕೆ ನಡೆಯುವುದಿಲ್ಲ ಅಂದರೆ:

ಶಾಲೆ, ಕಚೇರಿಗಳು ಡಿಜಿಟಲ್ ಕಡೆಗೆ ದೊಡ್ಡ ಹೆಜ್ಜೆ ಇಡುವುದು ‘ದಿಗಿಲೊಯಿಕ್ಕ’. ಇಲ್ಲಿ ಲೊಯಿಕ್ಕ ಸರಿ. ಮಾವೊ 1958ರಲ್ಲಿ ಚೀನಾದಲ್ಲಿ ಶುರು ಮಾಡಿದ ಗ್ರೇಟ್ ಲೀಪ್ ಫಾರ್ವರ್ಡ್ ಮಾತ್ರ ‘ಸೂರಿ ಹರ್ಪ್ಪೌಸ್’. ಇದರ ಮೂಲ ‘ಹರ್ಪತ’, ಅಂದರೆ ದಾಪುಗಾಲು ಹಾಕುವುದು. ರಸ್ತೆಯ ನೀರುಗುಂಡಿಯನ್ನು ಹಾರದೆ ಒಂದು ದೊಡ್ಡ ಹೆಜ್ಜೆಯಲ್ಲಿ ದಾಟುತ್ತೀರಲ್ಲ, ಅದು ಹರ್ಪತ. ಇನ್ನು ಲೀಪ್ ಇಯರ್? ಅದಕ್ಕೆ ಹಾರಾಟದ ಪದವೇ ಇಲ್ಲ. ‘ಕರ್ಕೌಸ್‌ವುವೊಸಿ’, ಮೂಲ ‘ಕರತ’, ಅಂದರೆ ತಪ್ಪಿಸಿಕೊಂಡು ಓಡಿಹೋಗುವುದು. ಫೆಬ್ರುವರಿ 29 ‘ಕರ್ಕೌಸ್‌ಪ್ಯಾಯಿವ್ಯಾ’. ಆ ದಿನ ಹೆಣ್ಣು ಗಂಡಿಗೆ ಮದುವೆಯ ಪ್ರಸ್ತಾಪ ಇಡಬಹುದು, ಅವನು ಒಲ್ಲೆ ಅಂದರೆ ಲಂಗದ ಬಟ್ಟೆ ಕೊಡಿಸಬೇಕು ಅನ್ನುವ ಹಳೆ ಪದ್ಧತಿ ಅಲ್ಲಿದೆ. ಗಡಿಯಾರಕ್ಕೆ ಸೇರಿಸುವ ಲೀಪ್ ಸೆಕೆಂಡ್ ಕೂಡ ಹೀಗೆಯೇ ‘ಕರ್ಕೌಸ್‌ಸೆಕುಂತಿ’. ಕ್ಯಾಲೆಂಡರ್ ಆ್ಯಪ್ ಅನುವಾದ ಮಾಡುವವರೇ, ನೆನಪಿಡಿ.

ಪೊಂಪ್ಪಿಯ: ಪುಟಿಯುವ ಲೋಕ

ಚೆಂಡು, ಟ್ರ್ಯಾಂಪೊಲಿನ್, ಮಕ್ಕಳು. ಈ ಮೂರು ಕಂಡರೆ ‘ಪೊಂಪ್ಪಿಯ’ ನೆನಪಿಸಿಕೊಳ್ಳಿ. ಪುಟಿಯುವುದು, ಎಗರೆಗರಿ ಬೀಳುವುದು ಇದರ ಜೀವ. ಒಂದೇ ಸಲವಾದರೆ ‘ಪೊಂಪತ’. ಗಾಳಿ ತುಂಬಿದ, ಮಕ್ಕಳು ಕುಣಿಯುವ ಆಟದ ಮನೆ ‘ಪೊಂಪ್ಪುಲಿನ್ನ’, ಅಂದರೆ ಪುಟಿಯುವ ಕೋಟೆ. ಬೇಸಿಗೆಯ ಯಾವ ಮೇಳಕ್ಕೆ ಹೋದರೂ ಇದು ಇದ್ದೇ ಇರುತ್ತದೆ. ಫಿನ್ಲೆಂಡಿನ ಕನ್ನಡಿಗರ ಮಕ್ಕಳು ಅಪ್ಪ ಅಮ್ಮನಿಗಿಂತ ಮೊದಲು ಕಲಿಯುವ ಪದಗಳಲ್ಲಿ ಇದೂ ಒಂದು ಇರಬಹುದು.

ಪೊಂಪ್ಪಿಯದ ಅನುಕೂಲ ಅದರ ಲವಲವಿಕೆ. ಅನಾನುಕೂಲವೂ ಅದೇ. ಆಡುಮಾತಿನ ವಾಸನೆ ಇದಕ್ಕೆ ಅಂಟಿಕೊಂಡಿದೆ. ಚಳಿಗಾಲದಲ್ಲಿ ವಿದ್ಯುತ್ ದರ ‘ಪೊಂಪ್ಪಸಿ’ ಅಂತ ಪತ್ರಿಕೆಯ ತಲೆಬರಹದಲ್ಲಿ ಬರೆಯಬಹುದು. ಬ್ಯಾಂಕಿನ ವರದಿಯಲ್ಲಿ ಬೇಡ, ಅಲ್ಲಿ ‘ದಿಢೀರ್ ಏರಿತು’ ಅನ್ನುವ ಅರ್ಥದ ನೇರ ವಾಕ್ಯ ಸಾಕು.

ಚೆಂಡು ಗೋಡೆಗೆ ಬಡಿದು ವಾಪಸ್ ಬಂದರೆ ಅದು ಪೊಂಪ್ಪಿಯ ಅಲ್ಲ, ‘ಕಿಮ್ಮೊತ’. ನೆಲದ ಮೇಲೆ ಪುಟಿಯುತ್ತಾ ಹೋದರೆ ಪೊಂಪ್ಪಿಯ, ತಗುಲಿ ಚಿಮ್ಮಿದರೆ ಕಿಮ್ಮೊತ. ಫುಟ್‌ಬಾಲ್ ಗೇಮ್‌ಗೆ ಸಾಲು ಬರೆಯುವವರಿಗೆ ಈ ಎರಡೂ ಬೇಕಾಗುತ್ತವೆ. ಸ್ಪ್ರಿಂಗ್ ಬಿಟ್ಟಂತೆ ಮೇಲೆ ಚಿಮ್ಮುವುದು ‘ಪೊನ್ನಹ್ತಾ’. ಕಂಪ್ಯೂಟರ್ ಪರದೆಯ ಪಾಪ್‌ಅಪ್ ಕಿಟಕಿಗೆ ಬಂದ ‘ಪೊನ್ನಹ್ದುಸ್‌ಇಕ್ಕುನ’ ಹುಟ್ಟಿದ್ದು ಇದರಿಂದ.

ಹಾರಾಟವೇ ಇಲ್ಲದ ಕಡೆ

ಇಂಗ್ಲಿಷ್‌ಗೆ ಜಂಪ್ ಪದದ ಮೇಲೆ ಬಲು ಪ್ರೀತಿ. ಯಾರೂ ಹಾರದೇ ಇದ್ದರೂ ಬಳಸುತ್ತದೆ. ಅಂಥ ಕಡೆ ಫಿನ್ನಿಶ್‌ನಲ್ಲಿ ಹಾರುವ ಪದವನ್ನು ಪೂರ್ತಿ ಬಿಟ್ಟುಬಿಡುವುದೇ ಒಳ್ಳೆಯ ಅನುವಾದ.

ಕ್ಯೂ ಮುರಿದು ಮುಂದೆ ನುಗ್ಗುವುದು ‘ಎತುಯಿಲ್ಲ’. ಇದರ ಮೂಲ ‘ಮುಂದೆ’ ಅನ್ನುವ ಅರ್ಥದ ಪದ. ಬಸ್ ಸ್ಟಾಪಿನಲ್ಲೂ ಒಬ್ಬರಿಂದ ಒಬ್ಬರು ದೂರ ನಿಲ್ಲುವ ಊರಿನಲ್ಲಿ ಇದು ಸಣ್ಣ ತಪ್ಪಲ್ಲ, ಹಾಗಾಗಿ ಈ ಪದಕ್ಕೆ ಖಾರ ಜಾಸ್ತಿ. ಓಟದಲ್ಲಿ ಗನ್ ಸದ್ದಿಗಿಂತ ಮುಂಚೆ ಹೊರಟರೆ ‘ವರಸ್‌ಲ್ಯಾಹ್ತ್ಯೊ’, ಪದಶಃ ಕಳ್ಳ ಹೊರಡುವಿಕೆ. ಬದುಕಿನಲ್ಲಿ ಆತುರಪಟ್ಟವರಿಗೂ ಇದನ್ನು ಹೇಳುತ್ತಾರೆ. ಅವಸರದ ತೀರ್ಮಾನಕ್ಕೆ ಇಂಗ್ಲಿಷಿನ ‘ಜಂಪ್ ಟು ಕನ್‌ಕ್ಲೂಷನ್ಸ್’ ಅನ್ನು ಪದಕ್ಕೆ ಪದ ತಂದ ಸಾಲುಗಳು ಫಿನ್ನಿಶ್‌ನಲ್ಲೂ ಕಾಣುತ್ತವೆ. ಆದರೆ ‘ಅವಸರದ ತೀರ್ಮಾನ ಮಾಡುವುದು’ ಅಂತ ನೇರವಾಗಿ ಬರೆದರೆ ಸಂಪಾದಕರು ಖುಷಿಪಡುತ್ತಾರೆ.

ವೆಬ್ ಪುಟದಲ್ಲಿ ‘ಜಂಪ್ ಟು ಕಂಟೆಂಟ್’ ಇದ್ದರೆ ‘ಸೀರ್ರ್ಯು’, ಅಂದರೆ ‘ಅಲ್ಲಿಗೆ ಹೋಗಿ’. ಫಿನ್ನಿಶ್ ವಿಕಿಪೀಡಿಯದಲ್ಲೂ ಇದೇ ಪದ ಇದೆ. ಜಾಹೀರಾತು ದಾಟಿಸುವ ಸ್ಕಿಪ್ ಗುಂಡಿಗೆ ‘ಒಹಿತ’. ತರಗತಿಗೆ ಚಕ್ಕರ್ ಹೊಡೆಯುವ ಸ್ಕಿಪ್‌ಗೆ ‘ಲಿಂತ್ಸತ’. ಕುದುರೆಯ ಷೋ ಜಂಪಿಂಗ್ ‘ಎಸ್ತೆರತ್ಸಸ್ತುಸ್’, ಅಡೆತಡೆ ಸವಾರಿ. ಅಂದಹಾಗೆ ಕೋಲಿಗೆ ಕುದುರೆಯ ತಲೆ ಕಟ್ಟಿಕೊಂಡು ಅಡ್ಡಪಟ್ಟಿ ಹಾರುವ ‘ಕೆಪ್ಪಿಹೆವೊನೆನ್’ ಆಟ ಫಿನ್ಲೆಂಡಿನ ಹುಡುಗಿಯರಲ್ಲಿ ಭಾರಿ ಜನಪ್ರಿಯ. ಸೆಯಿನ್ಯಾಯೊಕಿ ಊರಿನಲ್ಲಿ ಚಾಂಪಿಯನ್‌ಷಿಪ್ ನಡೆಯುತ್ತದೆ. ಅಲ್ಲಿ ಹಾರುವುದು ಕುದುರೆಯಲ್ಲ, ಹುಡುಗಿಯೇ.

ನನಗೆ ತುಂಬಾ ಇಷ್ಟವಾದದ್ದು ‘ಗೋ ಜಂಪ್ ಇನ್ ಎ ಲೇಕ್’. ನಮ್ಮಲ್ಲಿ ‘ಹೋಗಿ ಹಾಳುಬಾವಿಗೆ ಬೀಳು’ ಅನ್ನುತ್ತೇವಲ್ಲ, ಹತ್ತಿರ ಹತ್ತಿರ ಅಂಥ ಬೈಗುಳ. ಸುಮಾರು 1,88,000 ಕೆರೆಗಳಿರುವ, ಸೌನಾ ಅನ್ನುವ ಬಿಸಿ ಆವಿಯ ಸ್ನಾನದ ಕೋಣೆಯಿಂದ ಎದ್ದು ಸೀದಾ ಕೆರೆಗೆ ಹಾರುವುದೇ ಸುಖ ಅಂದುಕೊಂಡಿರುವ ಜನರಿಗೆ ಇದನ್ನು ಹಾಗೇ ಅನುವಾದಿಸಿದರೆ ಬೈದ ಹಾಗಿರುವುದಿಲ್ಲ, ಕರೆದ ಹಾಗಿರುತ್ತದೆ. ಫಿನ್ನರು ಬೈಯುವುದು ‘ಸುಕ್ಸಿ ಕೂಸೇನ್’ ಅಂತ. ಸ್ಕೀ ಮಾಡಿಕೊಂಡು ಹೋಗಿ ಸ್ಪ್ರೂಸ್ ಮರಕ್ಕೆ ಗುದ್ದಿಕೋ! ಹಾಗೆಯೇ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ತೂತಿಗೆ ಇಳಿಯುವುದಕ್ಕೆ ಹ್ಯುಪ್ಯಾತ್ಯಾ ಬೇಡ. ಅಲ್ಲಿ ಯಾರೂ ಹಾರುವುದಿಲ್ಲ, ಏಣಿ ಹಿಡಿದು ಇಳಿದು ಮುಳುಗೆದ್ದು ಬರುತ್ತಾರೆ. ಅದಕ್ಕೆ ‘ಪುಲಹ್ತಾ’.

ತಿರುಗಿಸಿ ನೋಡಿದರೆ ಫಿನ್ನಿಶ್ ಹಾರುವ ಕೆಲವು ಕಡೆ ಇಂಗ್ಲಿಷ್ ಹಾರುವುದಿಲ್ಲ. ವೇಳಾಪಟ್ಟಿಯಲ್ಲಿ ಎರಡು ಪಾಠಗಳ ನಡುವೆ ಖಾಲಿ ಬಿದ್ದ ಗಂಟೆ ‘ಹ್ಯುಪ್ಪ್ಯುತುಂತಿ’. ಅದನ್ನು ಜಿಮ್ನಾಸ್ಟಿಕ್ಸ್ ಕ್ಲಾಸು ಅಂದುಕೊಳ್ಳಬೇಡಿ. ಯಾರಾದರೂ ‘ಹ್ಯುಪ್ಪಿಯಾ ನೆನಿಲ್ಲೆ’ ಅಂದರೆ, ಮೂಗಿನ ಮೇಲೆ ಹಾರುವುದು, ನಮ್ಮ ‘ತಲೆ ಮೇಲೆ ಹತ್ತಿ ಕೂರುವುದು’. ಅಡುಗೆ ಪುಸ್ತಕದ ‘ಹ್ಯುಪ್ಪ್ಯುಸೆಲ್ಲಿನೆನ್’ ಅಂದರೆ ಒಂದು ಚಿಟಿಕೆ, ಅಲ್ಲಿ ಏನೂ ಹಾರುವುದಿಲ್ಲ.

ನಿಮಗೆ ಎಷ್ಟು ಸಾಕು?

ಪೌರತ್ವಕ್ಕೆ ಬೇಕಾದ ವೈಕೆಐ ಭಾಷಾ ಪರೀಕ್ಷೆಯ ಮಧ್ಯಮ ಹಂತಕ್ಕೆ ಓದುತ್ತಿದ್ದೀರಾ? ಹ್ಯುಪ್ಯಾತ್ಯಾ, ಹ್ಯುಪ್ಪಿಯಾ ಸಾಕು. ಎಂಟು ಪದ ಗೊತ್ತಿದ್ದು ಒತ್ತು ತಪ್ಪುವುದಕ್ಕಿಂತ ಎರಡು ಪದವನ್ನು ಎಲ್ಲ ರೂಪಗಳಲ್ಲೂ ತಡವರಿಸದೆ ಹೇಳುವುದು ಮೇಲು. ಉಳಿದ ಸಮಯವನ್ನು ವಿಭಕ್ತಿಗೆ ಕೊಡಿ. ಪುಟ್ಟ ಮಕ್ಕಳ ತಂದೆತಾಯಿಯರು ಈ ಎರಡರ ಜೊತೆ ಪೊಂಪ್ಪಿಯ, ಹ್ಯುಪೆಲ್ಲ್ಯಾ ಸೇರಿಸಿಕೊಳ್ಳಿ. ಡೇಕೇರ್‌ನಲ್ಲಿ ಅವು ಕಿವಿಗೆ ಬೀಳುತ್ತಲೇ ಇರುತ್ತವೆ. ಮಕ್ಕಳ ಕತೆ ಅನುವಾದಿಸುವವರಿಗೆ ಲೊಯಿಕ್ಕಿಯ, ಹ್ಯುಪ್ಯಾಹ್ತ್ಯಾ ಇಲ್ಲದೆ ಆಗುವುದಿಲ್ಲ. ಎಲ್ಲ ಪ್ರಾಣಿಗೂ ಹ್ಯುಪ್ಪಿಯಾ ಹಾಕಿದ ಕತೆ ಓದಲು ಬೇಜಾರು.

ಗೇಮ್‌ನ ಸಾಲುಗಳ ಲೆಕ್ಕವೇ ಬೇರೆ. ಅಲ್ಲಿ ನಿಖರತೆಯ ಜೊತೆ ಗುಂಡಿಯ ಅಗಲವೂ ನೋಡಬೇಕು. ಆಟಗಾರನಿಗೆ ‘ಹಾರು’ ಅಂತ ಹೇಳುವ ಗುಂಡಿಯಾದರೆ ಆಜ್ಞೆಯ ರೂಪ ಹ್ಯುಪ್ಪ್ಯಾ. ಸೆಟ್ಟಿಂಗ್ಸ್ ಪಟ್ಟಿಯಲ್ಲಿ ಯಾವ ಕೀಲಿ ಯಾವ ಕೆಲಸಕ್ಕೆ ಅಂತ ತೋರಿಸುವಾಗ ನಾಮಪದ ‘ಹ್ಯುಪ್ಪ್ಯು’. ಎರಡರಲ್ಲಿ ಒಂದನ್ನು ಹಿಡಿದು ಇಡೀ ಪಟ್ಟಿಯನ್ನು ಅದೇ ತರಹ ನಡೆಸಿ, ಕಲಬೆರಕೆ ಬೇಡ. ಗಾಳಿಯಲ್ಲೇ ಮತ್ತೊಂದು ಸಲ ಹಾರುವ ಡಬಲ್ ಜಂಪ್‌ಗೆ ‘ತುಪ್ಲಹ್ಯುಪ್ಪ್ಯು’ ಸಲಿಗೆಯ ಮಾತು, ‘ಕಕ್ಸೊಯಿಸ್‌ಹ್ಯುಪ್ಪ್ಯು’ ಗಂಭೀರ. ಮಕ್ಕಳ ಆಟಕ್ಕೆ ನಾನು ಮೊದಲನೆಯದನ್ನೇ ಹಾಕುತ್ತೇನೆ, ಅಕ್ಷರವೂ ಕಡಿಮೆ. ಒಂದೇ ಗೇಮ್‌ನಲ್ಲಿ ಮೂರು ತರಹದ ಜಿಗಿತ ಇದ್ದರೆ ಹ್ಯುಪ್ಪ್ಯು, ಲೊಯಿಕ್ಕ, ಪೊಂಪ್ಪು ಅಂತ ಹಂಚಿಬಿಡಿ. ಮೇಲಕ್ಕೆ, ಮುಂದಕ್ಕೆ, ಪುಟಿಯುವುದು, ಮೂರೂ ಬೇರೆ ಅಂತ ಆಟಗಾರನಿಗೆ ವಿವರಣೆ ಇಲ್ಲದೆ ಗೊತ್ತಾಗುತ್ತದೆ.

ಎಲ್ಲಿ ನೋಡುವುದು, ಎಷ್ಟು ಖರ್ಚು

ಖರ್ಚಿಲ್ಲದೆ ಸಿಗುವುದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ‘ಕಿಯೆಲಿತೊಯಿಮಿಸ್ತೊನ್ ಸನಕಿರ್ಯ’. ಫಿನ್ಲೆಂಡಿನ ಸರ್ಕಾರಿ ಭಾಷಾ ಸಂಸ್ಥೆ ಕೊತುಸ್ ಇದನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ಪದದ ಜೊತೆ ಬಳಕೆಯ ಉದಾಹರಣೆಗಳು, ಆಡುಮಾತೋ ಅಲ್ಲವೋ ಅನ್ನುವ ಗುರುತು ಸಿಗುತ್ತವೆ. ತೊಡಕು ಒಂದೇ, ಅದು ಪೂರ್ತಿ ಫಿನ್ನಿಶ್‌ನಲ್ಲಿದೆ. ಹೊಸಬರಿಗೆ ಕಷ್ಟ. ಇಂಗ್ಲಿಷ್–ಫಿನ್ನಿಶ್ ಉಚಿತ ನಿಘಂಟುಗಳು ಬೇಗ ಉತ್ತರ ಕೊಡುತ್ತವೆ, ಆದರೆ ಆರೇಳು ಪದಗಳನ್ನು ಸಾಲಾಗಿ ಸುರಿದು ಸುಮ್ಮನಾಗುತ್ತವೆ. ದುಡ್ಡು ಕೊಡುವ ನಿಘಂಟುಗಳಲ್ಲಿ ಅರ್ಥ ವಿಂಗಡಣೆ ಚೆನ್ನಾಗಿರುತ್ತದೆ. ಕೊಳ್ಳುವ ಮುಂಚೆ ನಿಮ್ಮ ಕಚೇರಿಗೋ ವಿಶ್ವವಿದ್ಯಾಲಯಕ್ಕೋ ಚಂದಾ ಇದೆಯಾ ಅಂತ ವಿಚಾರಿಸಿ, ಎಷ್ಟೋ ಕಡೆ ಇರುತ್ತದೆ.

ಯಂತ್ರಾನುವಾದವನ್ನು ಕರಡಿಗೆ ಬಳಸಿ, ತೀರ್ಪಿಗೆ ಬೇಡ. ಮಂಚದ ಸಾಲನ್ನು ಒಂಟಿಯಾಗಿ ಕೊಟ್ಟರೆ ಅದು ಎರಡು ಅರ್ಥದಲ್ಲಿ ಒಂದನ್ನು ಊಹಿಸಬೇಕಾಗುತ್ತದೆ, ಊಹಿಸಿದ್ದೇನೆ ಅಂತ ನಿಮಗೆ ಹೇಳುವುದಿಲ್ಲ. ಹಿಂದುಮುಂದಿನ ಎರಡು ಸಾಲು ಸೇರಿಸಿ ಕೊಡಿ, ಫಲಿತಾಂಶ ಸುಧಾರಿಸುತ್ತದೆ.

ಇಷ್ಟೆಲ್ಲ ಆದ ಮೇಲೂ ಎರಡು ಪದಗಳ ನಡುವೆ ತೂಗಾಡುತ್ತಿದ್ದರೆ ಫಿನ್ಲೆಂಡಿನ ಭಾಷಾ ಬ್ಯಾಂಕ್ ‘ಕಿಯೆಲಿಪಂಕ್ಕಿ’ ನಡೆಸುವ ಕೊರ್ಪ್ ಅನ್ನುವ ಹುಡುಕು ಪುಟಕ್ಕೆ ಹೋಗಿ. ಪತ್ರಿಕೆ, ಪುಸ್ತಕ, ಮಾತುಕತೆಗಳ ಭಾರಿ ಸಂಗ್ರಹ ಅದು, ಅದರ ಬಹುಪಾಲು ಎಲ್ಲರಿಗೂ ತೆರೆದಿದೆ. ಹಾರುತ್ತಿರುವವರು ಯಾರು ಅನ್ನುವ ನಾಮಪದವನ್ನು ಎರಡೂ ಕ್ರಿಯಾಪದಗಳ ಜೊತೆ ಒಂದೊಂದಾಗಿ ಹುಡುಕಿ. ಉದಾಹರಣೆಗೆ ಕಪ್ಪೆ ‘ಸಮ್ಮಕ್ಕೊ’, ಜೊತೆಗೆ ಒಮ್ಮೆ ಲೊಯಿಕ್ಕೀ, ಇನ್ನೊಮ್ಮೆ ಹ್ಯುಪ್ಪೀ. ಬರೀ ಎಷ್ಟು ಸಲ ಬಂದಿದೆ ಅಂತ ಎಣಿಸಬೇಡಿ, ಹತ್ತಿಪ್ಪತ್ತು ಸಾಲು ಓದಿ. ಯಾವುದು ಕತೆಯ ಸಾಲು, ಯಾವುದು ಸುದ್ದಿಯ ಸಾಲು ಅಂತ ಕಾಣಿಸುತ್ತದೆ. ನಿಮ್ಮ ಸಾಲು ಯಾವ ಗುಂಪಿಗೆ ಸೇರುತ್ತದೋ ಆ ಪದ ಹಾಕಿ.